ನಾಯಕರು ಬಟ್ಟೆ ಒಗೆದ ಒರತೆ

ಲಿಂಬಾಗಾನ್ ಊರಿನಲ್ಲಿ ಡಾನ್ ಕಾಸಿಮಿರೊ ಮಾಡದೆ ಬಿಟ್ಟ ಕೆಲಸ ಅಂತ ಒಂದಿದ್ದರೆ ಅದು ಸಾಯುವುದು. ಅದೊಂದನ್ನು ಅವರು ಬೇರೆ ಕಡೆ ಹೋಗಿ ಮಾಡಿದರು. ಉಳಿದದ್ದೆಲ್ಲ ಇಲ್ಲೇ. ಸ್ಪೇನಿನವರ ಕಾಲದಲ್ಲಿ, ಪಾದ್ರಿಗಳ ವಿರುದ್ಧ ಬರೆದರೆಂಬ ತಪ್ಪಿಗೆ ಅವರನ್ನು ಮನಿಲಾದಿಂದ ಹಡಗು ಹತ್ತಿಸಿ, ಮಿಂಡನಾವೊ ದ್ವೀಪದ ಈ ಮೂಲೆಯ ಕಡಲೂರಿಗೆ ಗಡೀಪಾರು ಮಾಡಿದ್ದರು. ಮೂರು ವರ್ಷ ಇದ್ದರು. ಊರಿಗೆ ಅವರು ಇಂದಿಗೂ ನಾಯಕರು. ಅಷ್ಟರಲ್ಲಿ ಅವರು ಜನರ ಕಣ್ಣಿನ ಪೊರೆ ತೆಗೆದರು, ಶಾಲೆ ಕಟ್ಟಿದರು, ಚರಂಡಿ ತೋಡಿದರು, ಜೇಡಿಮಣ್ಣಿನಲ್ಲಿ ಮೊಸಳೆ ಮಾಡಿದರು, ಕೊಳಲೂದಿದರು, ಕತ್ತಿವರಸೆ ಆಡಿದರು. ಬೆಸ್ತರಿಗೆ ಬಲೆ ಹೆಣೆಯುವುದನ್ನು ಕಲಿಸಿದರು. ಅದಕ್ಕೆ ಮುಂಚೆ ಬೆಸ್ತರು ದಡದಲ್ಲಿ ನಿಂತು ಮೀನುಗಳನ್ನು ಹೆಸರು ಹಿಡಿದು ಕೂಗುತ್ತಿದ್ದರೇನೋ. ಇದೆಲ್ಲದರ ಜೊತೆಗೆ ಇಪ್ಪತ್ತೆರಡು ಭಾಷೆ ಮಾತಾಡುತ್ತಿದ್ದರು. ಇಷ್ಟು ಕೆಲಸದ ಮಧ್ಯೆ ನಿದ್ದೆ ಯಾವಾಗ ಮಾಡುತ್ತಿದ್ದರು ಎಂದು ಒಮ್ಮೆ ತರಗತಿಯಲ್ಲಿ ಒಂದು ಹುಡುಗಿ ಕೇಳಿದ್ದಕ್ಕೆ, ನಿದ್ದೆ ಮಾಡದಿರುವುದೂ ಅವರ ಒಂದು ಕಲೆ ಎಂದು ದ್ಯೋನಾ ಟೀಚರ್ ಉತ್ತರ ಕೊಟ್ಟಿದ್ದಳು.

ದ್ಯೋನಾ ಟೀಚರ್ ಊರಿನ ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತಿಯಾದವಳು. ಕಲಿತವರೆಲ್ಲ ಅವಳನ್ನು ಮೇಡಂ ಅನ್ನುತ್ತಾರೆ. ಗುಡ್ಡದ ಕೇರಿಯ ಹೆಂಗಸರು ಮನಾಂಗ್ ಅನ್ನುತ್ತಾರೆ, ಅಂದರೆ ಅಕ್ಕ. ನಾಯಕರ ಕಲೆಗಳಲ್ಲಿ ಮೊದಲ ಹತ್ತು ಹನ್ನೆರಡು ಅವರ ಸ್ವಂತದ್ದು. ಮಿಕ್ಕದ್ದೆಲ್ಲ ದ್ಯೋನಾಳ ಲೇಖನಿಯಿಂದ ಬಂದದ್ದು. ಸುಳ್ಳು ಹೇಳುವ ಚಟವೇನೂ ಅವಳಿಗೆ ಇರಲಿಲ್ಲ. ಆದರೆ ಮನಿಲಾದಲ್ಲಿ ಕೂತ ಪರಂಪರೆ ಇಲಾಖೆಯವರ ಸ್ವಭಾವವೇ ಹಾಗಿತ್ತು. ಶಾಲೆಯ ಮಾಡು ಸೋರುತ್ತಿದೆ, ಮಕ್ಕಳು ನೆನೆಯುತ್ತಿದ್ದಾರೆ ಎಂದು ಬರೆದರೆ ಉತ್ತರವೇ ಬರುತ್ತಿರಲಿಲ್ಲ. ನಾಯಕರು ಕಟ್ಟಿದ ಶಾಲೆಯ ಮಾಡು ಸೋರುತ್ತಿದೆ ಎಂದು ಬರೆದರೆ ತಿಂಗಳೊಳಗೆ ತಗಡು ಬರುತ್ತಿತ್ತು, ಜೊತೆಗೊಂದು ಕಂಚಿನ ಫಲಕ. ಹೀಗೆ ಮಾಡಿಗೆ ನಾಯಕರಾದರು, ಚರಂಡಿಗೆ ನಾಯಕರಾದರು, ಸಂತೆಕಟ್ಟೆಯ ಶೌಚಾಲಯಕ್ಕೂ ನಾಯಕರೇ ಆದರು. ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಸಿಮೆಂಟು ಬೇಕಾದಾಗ ಮಾತ್ರ ಅವಳಿಗೆ ಸ್ವಲ್ಪ ನಾಚಿಕೆಯಾಗಿ, ನಾಯಕರು ಹುಡುಗರಿಗೆ ಎಗರುವುದನ್ನು ಕಲಿಸಿದರು ಎಂದಷ್ಟೇ ಬರೆದು ಸುಮ್ಮನಾಗಿದ್ದಳು. ಸಿಮೆಂಟು ಬಂತು.

ಚರ್ಚಿನೆದುರಿನ ಚೌಕದಲ್ಲಿ ನಿಂತಿರುವ ಹಕ್ಕಿಯ ಹಿಂದೆ ಮಾತ್ರ ಅವಳ ಕೈ ಇರಲಿಲ್ಲ. ಅದು ಅವಳು ಹುಟ್ಟುವ ಮುಂಚಿನದು. ರೆಕ್ಕೆ ಬಿಚ್ಚಿದ ಭಾರೀ ಕಲ್ಲಿನ ಹಕ್ಕಿ, ಅದರ ಕಾಲಡಿ ನಾಯಕರು ಲಿಂಬಾಗಾನಿನಲ್ಲಿ ಆಡಿದರೆಂದು ಎಲ್ಲರೂ ಒಪ್ಪುವ ಒಂದೇ ಒಂದು ಮಾತು: ಲಂಗ್ಗಮ್, ಲಂಗ್ಗಮ್. ಒಂದು ಬೆಳಿಗ್ಗೆ ಗುಡ್ಡದ ಕೇರಿಯ ಒರತೆಯ ಬಳಿ ನಿಂತು, ಎರಡೂ ಕೈ ಮೇಲೆತ್ತಿ, ನಾಯಕರು ಹೀಗೆ ಕೂಗಿದರಂತೆ. ಊರಿನ ಬಿಸಾಯಾ ಮಾತಿನಲ್ಲಿ ಲಂಗ್ಗಮ್ ಅಂದರೆ ಹಕ್ಕಿ. ಗಡೀಪಾರಾದ ಜೀವ ಬಿಡುಗಡೆಗಾಗಿ ಹಾತೊರೆದು ಆಕಾಶವನ್ನು ಕರೆದದ್ದು ಎಂದು ಪಾದ್ರಿಗಳು ಅರ್ಥ ಹೇಳಿದ್ದರು. ವರ್ಷವರ್ಷ ಹಕ್ಕಿ ಹಬ್ಬ ನಡೆಯುತ್ತದೆ. ಮಕ್ಕಳು ಕೋಳಿಪುಕ್ಕ ಅಂಟಿಸಿಕೊಂಡು ಬೀದಿಯಲ್ಲಿ ಕುಣಿಯುತ್ತಾರೆ, ದೊಡ್ಡವರು ಸುಟ್ಟ ಹಂದಿ ತಿಂದು ತೂಬಾ ಎಂಬ ತೆಂಗಿನ ಹೆಂಡ ಕುಡಿದು ಮಲಗುತ್ತಾರೆ.

ನಾಯಕರು ಮನಿಲಾ ಕಡೆಯವರು, ಅವರ ಮಾತು ತಗಾಲೊಗ್. ತಗಾಲೊಗ್‌ನಲ್ಲಿ ಲಂಗ್ಗಮ್ ಅಂದರೆ ಇರುವೆ. ಟೀವಿ ನೋಡುವ ಪ್ರತಿಯೊಂದು ಮಗುವಿಗೂ ಇದು ಗೊತ್ತು. ಕಿಸಕ್ಕನೆ ನಕ್ಕವರಿಗೆ ತಲೆ ಮೇಲೊಂದು ಮೊಟಕು ಬೀಳುತ್ತಿತ್ತು, ಜೊತೆಗೆ ಉತ್ತರ: ಇಪ್ಪತ್ತೆರಡು ಭಾಷೆ ಬಲ್ಲವರಿಗೆ ನಮ್ಮದೊಂದು ಬರುತ್ತಿರಲಿಲ್ಲವೇ?

ಬರುತ್ತಿರಲಿಲ್ಲ. ಅದು ದ್ಯೋನಾಳ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಮೇಯರ್ ಫ್ರೊಯ್ಲಾನ್ ಕಾಬಿಲ್ಯಾ ಅವಳ ಮನೆಗೆ ಬಂದದ್ದು ಹಬ್ಬಕ್ಕೆ ಎರಡು ತಿಂಗಳು ಮುಂಚೆ. ಅವಳ ಬಳಿ ಓದುವಾಗ ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದವನ ಉತ್ತರ ನೋಡಿ ಬರೆಯುತ್ತಿದ್ದವನು. ಬಂದವನೇ ಬಾಗಿ, ಅವಳ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಇಷ್ಟು ವಿನಯ ಕಂಡಾಗಲೇ ದ್ಯೋನಾಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು.

"ಮೇಡಂ, ನೀವು ಗೆದ್ದುಬಿಟ್ರಿ," ಎಂದ. "ಒರತೆ ಮಂಜೂರಾಯ್ತು."

"ಯಾವ ಒರತೆ?"

"ಇದೇ, ನಿಮ್ಮ ಹಿತ್ತಲ ಹಿಂದಿಂದು. ನಾಯಕರು ಸ್ವಂತ ಕೈಯಾರೆ ತೋಡಿದ ಒರತೆ ಅಂತ ನೀವು ಬರೆದಿದ್ರಲ್ಲ. ರಾಷ್ಟ್ರೀಯ ಪುಣ್ಯಸ್ಥಳ ಆಗುತ್ತೆ. ಸುತ್ತ ಕಬ್ಬಿಣದ ಬೇಲಿ, ಗೇಟು, ಟಿಕೆಟ್ಟು. ಮನಿಲಾದಿಂದ ಒಬ್ರು ಮೇಡಂ ಬಂದು ನೋಡಿ ಸಹಿ ಹಾಕಿದ್ರೆ ಮುಗೀತು."

ದ್ಯೋನಾ ಬರೆದದ್ದು ನಿಜ. ಒರತೆಗೆ ಇಳಿಯುವ ಮೆಟ್ಟಿಲು ಕುಸಿದು ಒಬ್ಬ ಬಸುರಿ ಜಾರಿಬಿದ್ದಿದ್ದಳು. ಮೆಟ್ಟಿಲಿಗೆ ಸಿಮೆಂಟು ಬೇಕಿತ್ತು. ನಾಯಕರು ಅಲ್ಲಿ ನಿಂತು ಹಕ್ಕಿಯನ್ನು ಕರೆದದ್ದನ್ನು ಊರೆಲ್ಲ ಒಪ್ಪಿರುವಾಗ, ಅವರೇ ಅದನ್ನು ತೋಡಿದರು ಎಂದು ಒಂದು ಸಾಲು ಸೇರಿಸುವುದು ಏನು ಮಹಾ ಅನ್ನಿಸಿತ್ತು.

"ಬೇಲಿ ಹಾಕಿದ್ರೆ ಕೇರಿಯೋರು ನೀರು ಎಲ್ಲಿಂದ ತರಬೇಕಪ್ಪ? ಬಟ್ಟೆ ಎಲ್ಲಿ ಒಗೀಬೇಕು?"

"ನಲ್ಲಿ ಇದೆಯಲ್ಲ ಮೇಡಂ."

"ನಿಮ್ಮ ನಲ್ಲೀಲಿ ಬರೋದು ನೀರಲ್ಲ ಫ್ರೊಯ್ಲಾನ್, ಗುಡ್ಡದ ಮಣ್ಣು. ಅದೂ ಎರಡು ದಿನಕ್ಕೊಂದ್ಸಲ."

ಮೇಯರ್ ನಕ್ಕ. ನಾಯಕರ ಪುಣ್ಯಸ್ಥಳದಲ್ಲಿ ಚಡ್ಡಿ ಒಗೆಯುವುದನ್ನು ಪ್ರವಾಸಿಗರಿಗೆ ತೋರಿಸುವುದಕ್ಕಾಗುತ್ತದೆಯೇ, ನೀವೇ ಹೇಳಿ ಎಂದ. ಆಮೇಲೆ ಮತ್ತೆ ಅವಳ ಕೈಯನ್ನು ಹಣೆಗೊತ್ತಿಕೊಂಡು ಹೊರಟ.

ಅವನ ಜೀಪು ತಿರುವು ದಾಟುವುದರೊಳಗೆ ಬೆಸಿಂಗ್ ಬಂದಳು. ದ್ಯೋನಾಳ ಚಿಕ್ಕಪ್ಪನ ಮಗಳು, ಊರಿನ ಅರ್ಧ ಜನರ ಬಟ್ಟೆ ಒಗೆದು ಮೂರು ಮಕ್ಕಳನ್ನು ಓದಿಸಿದವಳು. ತಲೆ ಮೇಲೆ ಬಟ್ಟೆಯ ಬುಟ್ಟಿ, ಕೈಯಲ್ಲಿ ಬಟ್ಟೆ ಬಡಿಯುವ ಮರದ ಹಲಗೆ. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಮನಾಂಗ್, ನಿನ್ನ ನಾಯಕ ಕೊನೆಗೂ ನಮ್ಮ ಕೊಡಕ್ಕೇ ಕೈ ಹಾಕಿದ ನೋಡು," ಎಂದಳು.

"ನನ್ನ ನಾಯಕ ಅಂತೆ."

"ಇನ್ಯಾರ್ದು? ಹೆತ್ತಿದ್ದು ಅವರಮ್ಮ ಇರಬಹುದು, ಸಾಕಿ ದೊಡ್ಡೋನ್ ಮಾಡಿದ್ದು ನೀನೇ ತಾನೆ. ಮೆಟ್ಟಿಲಿಗೆ ಸಿಮೆಂಟ್ ಬೇಕು ಅಂತ ಅವನ ಕೈಗೆ ಹಾರೆ ಕೊಟ್ಟೆ. ಆ ಹಾರೆ ಹಿಡಿದಿದ್ದು ಯಾರು ಅಂತ ಮರೆತೇಹೋಯ್ತಾ ನಿನಗೆ?"

ಮರೆತಿರಲಿಲ್ಲ. ಒರತೆಯನ್ನು ತೋಡಿದ್ದು ಅವರಿಬ್ಬರ ಮುತ್ತಜ್ಜಿ ಲೋಲಾ ಬುಲಾಕ್, ಅಂದರೆ ಬುಲಾಕ್ ಅಜ್ಜಿ. ಕಾಲರಾ ಬಂದ ವರ್ಷ, ಕೆಳಗಿನ ಹೊಳೆಯ ನೀರು ಕುಡಿದವರೆಲ್ಲ ಸಾಯುತ್ತಿದ್ದಾಗ, ಗುಡ್ಡದ ಬುಡದಲ್ಲಿ ಒಂದು ಕಡೆ ಮಾತ್ರ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುವುದನ್ನು ನೋಡಿ, ಕೇರಿಯ ಹೆಂಗಸರನ್ನು ಕಟ್ಟಿಕೊಂಡು ತೋಡಿದಳು. ಮೇಲಿನ ತೊಟ್ಟಿ ಕುಡಿಯುವುದಕ್ಕೆ, ಕೆಳಗಿನದು ಒಗೆಯುವುದಕ್ಕೆ. ಕಲ್ಲು ಉರುಳಿಸುವಾಗ ಅವಳ ಎರಡು ಬೆರಳು ಜಜ್ಜಿಹೋದವು. ನಾಯಕರ ಹಡಗು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು.

ಇದನ್ನು ದ್ಯೋನಾ ತನ್ನ ಅಜ್ಜಿಯ ಬಾಯಿಂದ ಕೇಳಿದ್ದಳು, ಕೇಳುತ್ತ ಕೇಳುತ್ತ ನಿದ್ದೆ ಹೋಗಿದ್ದಳು. ಒಮ್ಮೆಯೂ ಎಲ್ಲೂ ಬರೆದಿರಲಿಲ್ಲ. ಬುಲಾಕ್ ಎಂಬ ಹೆಂಗಸಿನ ತೊಟ್ಟಿಗೆ ಯಾರು ಸಿಮೆಂಟು ಕೊಡುತ್ತಾರೆ? ಬೆಸಿಂಗ್ ಬುಟ್ಟಿ ಹೊತ್ತು ಇಳಿದು ಹೋದ ಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಈ ಸಲ ನಿಜ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು.

ಮನಿಲಾದಿಂದ ಬಂದವಳು ಮಿಸ್ ದಿಮಾಯುಗಾ, ಪರಂಪರೆ ಇಲಾಖೆಯ ಅಧಿಕಾರಿ. ಚಿಕ್ಕ ಕೂದಲು, ದೊಡ್ಡ ಕನ್ನಡಕ, ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಂದ ಮುಖ. ಪುರಸಭೆಯ ಹಾಲಿನಲ್ಲಿ ಸಭೆ ಸೇರಿತು. ಗೋಡೆ ಮೇಲೆ ನಾಯಕರು ಕೊಳಲೂದುತ್ತಿದ್ದರು, ಎದುರು ಗೋಡೆಯಲ್ಲಿ ಅವರೇ ಕಣ್ಣಿನ ಪೊರೆ ತೆಗೆಯುತ್ತಿದ್ದರು. ಮೇಯರ್ ಸ್ವಾಗತ ಮಾಡಿ, ನಾಯಕರ ಇಪ್ಪತ್ತೆರಡು ಕಲೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಈಗ ನಮ್ಮ ಹೆಮ್ಮೆಯ ಇತಿಹಾಸಕಾರ್ತಿ ಒರತೆಯ ಬಗ್ಗೆ ಎರಡು ಮಾತು ಹೇಳುತ್ತಾರೆ ಎಂದು ದ್ಯೋನಾಳತ್ತ ಕೈ ತೋರಿಸಿದ.

ದ್ಯೋನಾ ಎದ್ದು ನಿಂತಳು. "ಒರತೆ ತೋಡಿದ್ದು ನಾಯಕರಲ್ಲ," ಎಂದಳು.



"ಮೇಡಂ," ಎಂದು ಮೇಯರ್ ಮೆಲ್ಲಗೆ ಹಲ್ಲು ಕಿರಿದ, "ನೀವೇ ಅಲ್ವಾ ಬರೆದಿದ್ದು?"

"ನಾನೇ. ಸುಳ್ಳು ಬರೆದೆ. ಮೆಟ್ಟಿಲು ಬಿದ್ದುಹೋಗಿತ್ತು, ನೀನು ರಿಪೇರಿ ಮಾಡಿಸ್ಲಿಲ್ಲ, ಅದಕ್ಕೆ ಬರೆದೆ. ತೋಡಿದ್ದು ನಮ್ಮ ಲೋಲಾ ಬುಲಾಕ್, ಕೇರಿ ಹೆಂಗಸರು. ನಾಯಕರು ಒರತೆ ಹತ್ರ ಬಂದಿದ್ದು ಇಡೀ ಜನ್ಮದಲ್ಲಿ ಒಂದೇ ಸಲ."

"ಹಕ್ಕಿ ಕರೆದ ದಿನ," ಎಂದು ಹಿಂದಿನಿಂದ ಯಾರೋ ಭಕ್ತಿಯಿಂದ ಎತ್ತಿಕೊಟ್ಟರು.

"ಹೌದು, ಅದೇ ದಿನ. ಕಲ್ಲಿನ ಪಕ್ಕ ಕೆಂಪಿರುವೆ ಗೂಡು. ನಾಯಕರು ಠೀವಿಯಿಂದ ಹೋಗಿ ಅದರ ಮೇಲೇ ನಿಂತರು. ಇರುವೆ ಪ್ಯಾಂಟೊಳಗೆ ಹತ್ತಿದ್ವು. ಲಂಗ್ಗಮ್ ಲಂಗ್ಗಮ್ ಅಂತ ಕೈಕಾಲು ಬಡ್ಕೊಂಡು ಕುಣಿದ್ರು. ಇರುವೆ, ಇರುವೆ ಅಂತ. ನಮ್ಮ ಹೆಂಗಸ್ರೆಲ್ಲ ಒಗೆಯೋದು ಬಿಟ್ಟು ಆಕಾಶ ನೋಡಿದ್ರು. ಎಲ್ಲಿ ಹಕ್ಕಿ, ಎಲ್ಲಿ ಹಕ್ಕಿ ಅಂತ ಇವರು ಹುಡುಕ್ತಾ ಇರೋವಾಗ ಅವರು ಪ್ಯಾಂಟು ಬಿಚ್ಚಿ ಒದರ್ಕೊಂಡು ಓಡಿದ್ರು. ಆಮೇಲೆ ಆ ಕಡೆ ತಲೆ ಹಾಕ್ಲಿಲ್ಲ."

ಮಿಸ್ ದಿಮಾಯುಗಾ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ವಾಂತಿಗಲ್ಲ, ನಗುವಿಗೆ. ಹಾಲಿನಲ್ಲಿ ನಕ್ಕವಳು ಅವಳೊಬ್ಬಳೇ.

"ಮೇಡಂಗೆ ವಯಸ್ಸಾಯ್ತು," ಎಂದು ಮೇಯರ್ ಅಧಿಕಾರಿಗೆ ವಿವರಿಸಿದ. "ನಾಯಕರು ಬಿಸಾಯಾದಲ್ಲೇ ಮಾತಾಡಿದ್ದು. ಇಪ್ಪತ್ತೆರಡು ಭಾಷೆ ಬರ್ತಿತ್ತು ಅವರಿಗೆ."

"ಬಿಸಾಯಾ ಬರ್ತಿದ್ರೆ ನಮ್ಮ ಮುತ್ತಜ್ಜೀನ ಮೂರು ವರ್ಷ ಹತ್ತಿ ಅಂತ ಯಾಕೆ ಕರೀತಿದ್ರು?" ಎಂದಳು ದ್ಯೋನಾ. "ಬುಲಾಕ್ ಅಂದ್ರೆ ನಮ್ಮಲ್ಲಿ ಹೂವು, ಅವರ ತಗಾಲೊಗ್‌ನಲ್ಲಿ ಹತ್ತಿ. ನಾಯಕರು ನಡೆಸ್ತಿದ್ದ ಆಸ್ಪತ್ರೆ ಮುಂದೆ ಯಾರಾದ್ರೂ ಬುಲಾಕ್ ಅಂತ ಅವಳನ್ನ ಕೂಗಿದ್ರೆ ಒಳಗಿಂದ ಅವರು ಗಾಯ ಎಲ್ಲಿ ಅಂತ ಹತ್ತಿ ಹಿಡ್ಕೊಂಡು ಬರ್ತಿದ್ರು."

ಅಷ್ಟಕ್ಕೇ ಸಭೆಯಲ್ಲಿ ಗದ್ದಲವೆದ್ದಿತು. ಪಾದ್ರಿಗಳು ತಲೆ ಅಲ್ಲಾಡಿಸಿದರು. ಶಾಲೆಯ ಈಗಿನ ಚರಿತ್ರೆ ಮೇಷ್ಟ್ರು, ದ್ಯೋನಾಳ ಶಿಷ್ಯನೇ, ಎದ್ದು ಒಂದು ಮಾತು ಹೇಳಿದ: ಹೊಗಳಿಕೆ ಬೇಡವೆಂದು ನಾಯಕರೇ ಆ ಹೆಂಗಸಿನ ಹೆಸರು ಮುಂದೆ ಮಾಡಿರಬೇಕು, ವಿನಯ ಅವರ ಇನ್ನೊಂದು ಗುಣ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಯಕರ ಇಪ್ಪತ್ಮೂರನೆಯ ಕಲೆಯಾಗಿ ವಿನಯ ಆ ಕ್ಷಣವೇ ದಾಖಲಾಯಿತು. ತಾನೇ ಕಲಿಸಿದ ವಿದ್ಯೆ ಇದು ಎಂದು ದ್ಯೋನಾಳಿಗೆ ಅರಿವಾಗಿ ಕಿವಿ ಬಿಸಿಯಾಯಿತು. ಕುರ್ಚಿಯಲ್ಲಿ ಕುಸಿದು ಕೂತಳು.

ಊಟಕ್ಕೆಂದು ಸಭೆ ಎದ್ದಿತು. ಮೇಯರ್ ಇಡೀ ಹಂದಿ ಸುಡಿಸಿದ್ದ. ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ ಮಿಸ್ ದಿಮಾಯುಗಾ, ಒರತೆ ತೋರಿಸಿ ಮೇಡಂ ಎಂದು ದ್ಯೋನಾಳನ್ನು ಕರೆದುಕೊಂಡು ಗುಡ್ಡದ ಕೇರಿಗೆ ನಡೆದಳು. ದೊಡ್ಡ ಆಲದಂಥ ಬಲೀತೆ ಮರದ ಬೇರುಗಳ ನಡುವಿನಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಕೆಳಗಿನ ತೊಟ್ಟಿಯ ಸುತ್ತ ಏಳೆಂಟು ಹೆಂಗಸರು ಬಟ್ಟೆ ಬಡಿಯುತ್ತ, ಒಬ್ಬರ ಗಂಡನನ್ನು ಇನ್ನೊಬ್ಬರು ಬೈಯುತ್ತ ಕೂತಿದ್ದರು. ಬೆಸಿಂಗ್ ತೆಂಗಿನ ಕರಟದಲ್ಲಿ ನೀರು ಮೊಗೆದು ಕೊಟ್ಟಳು. ಅಧಿಕಾರಿ ಕುಡಿದಳು, ಮತ್ತೊಂದು ಕರಟ ಕೇಳಿ ಕುಡಿದಳು.

"ಮೇಡಂ, ನೀವು ಹೇಳಿದ್ದನ್ನ ನಾನು ನಂಬ್ತೀನಿ," ಎಂದಳು ಆಮೇಲೆ. "ನಾನು ತಗಾಲೊಗ್ ಮಾತಿನವಳು. ಇರುವೆ ಕಚ್ಚಿದ್ರೆ ನಾವು ಹಾಗೇ ಕೂಗೋದು."

"ಹಾಗಾದ್ರೆ ಬರೀರಿ."

"ಹೇಗೆ ಬರೀಲಿ? ಹಕ್ಕಿಗೆ ನಮ್ಮ ಇಲಾಖೆ ವರ್ಷವರ್ಷ ಹಣ ಕೊಡ್ತಾ ಇದೆ. ಇಷ್ಟು ವರ್ಷ ಕೊಟ್ಟಿದ್ದು ಇರುವೆಗೆ ಅಂತ ಬರೆದ್ರೆ ನನ್ನ ಮೇಲಿನೋರು ನನ್ನ ಗಡೀಪಾರು ಮಾಡ್ತಾರೆ. ಇರುವೆಗೆ ನಮ್ಮಲ್ಲಿ ಬಜೆಟ್ಟೇ ಇಲ್ಲ ಮೇಡಂ."

"ಬುಲಾಕ್‌ಗೆ?"

ಮಿಸ್ ದಿಮಾಯುಗಾ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ, ಯಾರಿಗೂ ಹೇಳುತ್ತಿಲ್ಲವೇನೋ ಎಂಬಂತೆ ನೀರನ್ನೇ ನೋಡುತ್ತ ಹೇಳಿದಳು. ನಾಯಕರು ಕಟ್ಟಿದ್ದು ಅಂದರೆ ಅದು ಸ್ಮಾರಕ, ಬೇಲಿ ಹಾಕಲೇಬೇಕು. ಆದರೆ ನಾಯಕರು ಜನರ ಜೊತೆ ಕೂತು ದಿನಾ ಮಾಡುತ್ತಿದ್ದ ಕೆಲಸ ಅಂತ ಏನಾದರೂ ಇದ್ದು, ಜನ ಅದನ್ನು ಅಲ್ಲೇ ಇನ್ನೂ ಮಾಡುತ್ತಿದ್ದರೆ ಅದು ಜೀವಂತ ಪರಂಪರೆ. ಅದನ್ನು ನಿಲ್ಲಿಸುವ ಅಧಿಕಾರ ಮೇಯರಿಗಲ್ಲ, ಅವನ ಅಪ್ಪನಿಗೂ ಇಲ್ಲ. ಇಷ್ಟು ಹೇಳಿ, ಫೋಟೋ ತೆಗೆಯುತ್ತೇನೆಂದು ಮರದ ಆ ಬದಿಗೆ ಹೋದಳು.

ಹೆಂಗಸರ ಕೈ ನಿಂತಿದ್ದವು. ಬೆಸಿಂಗ್ ಎದ್ದು ಬಂದಳು, ಮೊಣಕೈವರೆಗೆ ನೊರೆ.

"ಕೇಳಿಸ್ತಾ ಮನಾಂಗ್? ಹೇಳು ಹೋಗು. ನಾಯಕ ಇಲ್ಲಿ ದಿನಾ ಬಟ್ಟೆ ಒಗೀತಿದ್ದ ಅಂತ ಹೇಳು."

"ಈಗ ತಾನೆ ನಿಜ ಹೇಳಿ ಬಂದಿದೀನಿ ಬೆಸಿಂಗ್. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಹೇಳ್ಲಾ?"

"ನಿಜ ಹೇಳಿದ್ದಕ್ಕೆ ಯಾರು ಏನು ಕೊಟ್ರು? ನಿಂಗೆ ಅರುಳುಮರುಳು ಅಂದ್ರು."

"ಹಾಗಲ್ಲ. ಇಲ್ಲಿವರೆಗೆ ಯಾರೂ ಕೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ, ಅಷ್ಟೇ. ಈಗ ಅವಳ ಹೆಸರು ನಾನೇ ಬಾಯಿಬಿಟ್ಟು ಹೇಳಿ, ನಾನೇ ಇಲ್ಲ ಅಂದ್ಬಿಟ್ರೆ ಮುಗೀತು. ಇನ್ನೆಂದೂ ಅಜ್ಜಿ ಹೆಸರು ಬರಲ್ಲ."

"ಅಜ್ಜಿ ಹೆಸರು ಈಗ ಎಲ್ಲಿದೆ? ಫಲಕದ ಮೇಲಿದ್ಯಾ, ನಿನ್ನ ಪುಸ್ತಕದಲ್ಲಿದ್ಯಾ?" ಬೆಸಿಂಗ್‌ಳ ದನಿ ಏರಿತು. "ಅವಳು ಬಿಟ್ಟುಹೋಗಿದ್ದು ಹೆಸರಲ್ಲ ಮನಾಂಗ್, ನೀರು. ಇಷ್ಟು ವರ್ಷ ಶೌಚಾಲಯಕ್ಕೆ, ಚರಂಡಿಗೆ ಸುಳ್ಳು ಹೇಳಿದೆ. ಒಂದು ನಮಗೋಸ್ಕರ ಹೇಳು. ಆದ್ರೆ ಅಜ್ಜಿ ಸುದ್ದಿಗೆ ಮಾತ್ರ ಹೋಗ್ಬೇಡ. ಅವನು ಒಗೆದ ಅನ್ನು, ಅಷ್ಟಕ್ಕೇ ಬಾಯಿ ಮುಚ್ಚು."

ದ್ಯೋನಾ ಮೇಲಿನ ತೊಟ್ಟಿಯ ಅಂಚಿನಲ್ಲಿ ಕೂತು ನೀರಿಗೆ ಕೈ ಬಿಟ್ಟಳು. ಅಳು ಬಂತು, ಸಿಟ್ಟೂ ಬಂತು. ತೊಂಬತ್ತು ವರ್ಷ ಬದುಕಿದ ಹೆಂಗಸು, ಜಜ್ಜಿದ ಕೈಯಲ್ಲೇ ಹನ್ನೊಂದು ಹೆತ್ತು ಸಾಕಿದವಳು. ಅವಳ ಪಾಲಿನ ಒಂದೇ ಒಂದು ಕೆಲಸವನ್ನು ಮೂರು ವರ್ಷ ಬಂದು ಹೋದ ಒಬ್ಬ ಅತಿಥಿಗೆ ಬರೆದುಕೊಟ್ಟದ್ದು ತಾನೇ. ವಾಪಸು ಕೇಳಿದರೆ ಕೊಡುವವರಿಲ್ಲ. ತೊಟ್ಟಿಯ ಆಚೆ ನೆರೆಮನೆಯ ಮುದುಕಿ, ಈ ಮಾತು ಯಾವುದೂ ತನಗೆ ಸೇರಿದ್ದಲ್ಲ ಅನ್ನುವಂತೆ, ಎರಡನೇ ಬಿಂದಿಗೆ ತುಂಬಿಸಿಕೊಳ್ಳುತ್ತಿದ್ದಳು. ಕೆಳಗಿನ ನಲ್ಲಿಗೆ ಹೋಗಿ ಬರುವ ಕಾಲು ಅವಳಿಗಿರಲಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಎಲ್ಲರೂ ಹಂದಿ ತಿಂದು ತೂಕಡಿಸುತ್ತಿದ್ದರು. ದ್ಯೋನಾ ಎದ್ದು ನಿಂತು, ಬೆಳಿಗ್ಗೆ ಬಿಸಿಲಿಗೆ ತನಗೆ ತಲೆ ಸುತ್ತಿತ್ತು ಎಂದಳು. ಎಲ್ಲರ ಮುಖ ಅರಳಿತು. ಆಮೇಲೆ ಅವಳು ಶುರುಮಾಡಿದಳು. ನಾಯಕರು ದೊಡ್ಡ ಮನೆತನದವರಾದರೂ ತಮ್ಮ ಬಟ್ಟೆಯನ್ನು ಆಳುಗಳ ಕೈಗೆ ಕೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಒರತೆಗೆ ಇಳಿದು, ಕೇರಿಯ ಹೆಂಗಸರ ಸಾಲಿನಲ್ಲಿ ಕೂತು, ತಾವೇ ಒಗೆಯುತ್ತಿದ್ದರು. ಜನರ ಜೊತೆ ಬೆರೆಯುವುದಕ್ಕೆ ಅದೇ ದಾರಿ ಎಂದು ನಂಬಿದ್ದರು. ತಾವು ಹೋದ ಮೇಲೂ ಇಲ್ಲಿ ಒಗೆಯುವುದು ನಿಲ್ಲಬಾರದು ಎಂದು ಹಡಗು ಹತ್ತುವಾಗ ಹೇಳಿದ್ದರು. ಹೇಳುತ್ತ ಹೇಳುತ್ತ ಅವಳಿಗೆ ಹಳೆಯ ಹದ ಕೈಗೆ ಬಂತು. ಬಿಳಿ ಅಂಗಿಯ ಕಾಲರನ್ನು ನಾಯಕರು ಬೂದಿ ಹಾಕಿ ಉಜ್ಜುತ್ತಿದ್ದರು ಎಂಬುದನ್ನೂ ಸೇರಿಸಿದಳು. ಬುಲಾಕ್‌ಳ ಹೆಸರೆತ್ತಲಿಲ್ಲ.

ಪಾದ್ರಿಗಳು ಕಣ್ಣೊರೆಸಿಕೊಂಡರು. ಚರಿತ್ರೆ ಮೇಷ್ಟ್ರು ಬರೆದುಕೊಂಡ. ಮಿಸ್ ದಿಮಾಯುಗಾ ಒಂದೂ ಪ್ರಶ್ನೆ ಕೇಳದೆ, ಜೀವಂತ ಪರಂಪರೆ, ಬೇಲಿ ಇಲ್ಲ, ನೀರಿಗೂ ಒಗೆತಕ್ಕೂ ಅಡ್ಡಿ ಇಲ್ಲ ಎಂದು ದೊಡ್ಡದಾಗಿ ಓದಿ ಸಹಿ ಹಾಕಿದಳು. ಮೇಯರಿಗೆ ಟಿಕೆಟ್ಟು ತಪ್ಪಿದ್ದಕ್ಕೆ ಒಂದು ಗಳಿಗೆ ಮುಖ ಸಪ್ಪಗಾಯಿತು. ಆದರೆ ಫ್ರೊಯ್ಲಾನ್ ಬುದ್ಧಿವಂತ. ಒಗೆಯುವುದನ್ನು ನೋಡುವುದಕ್ಕೂ ಜನ ಬರುತ್ತಾರೆ ಎಂದು ಅವನಿಗೆ ಅಲ್ಲೇ ಹೊಳೆಯಿತು.

"ಆದ್ರೆ ಮೇಡಂ, ನಾಯಕರಂಥೋರು ಸುಮ್ನೆ ತಮ್ಮ ಬಟ್ಟೆ ಒಗ್ಕೊಂಡು ಎದ್ದು ಹೋಗಿರ್ತಾರಾ?" ಎಂದು ಸಭೆ ಮುಗಿದ ಮೇಲೆ ಬಂದು ಕೇಳಿದ. "ಅವರು ಏನು ಮಾಡಿದ್ರೂ ಕಲಿಸೋರಲ್ವಾ?"

ದ್ಯೋನಾ ಏನೂ ಹೇಳದೆ ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು. ಹೇಳದಿದ್ದದ್ದು ತಪ್ಪಾಯಿತು.

ಹಕ್ಕಿ ಹಬ್ಬದ ದಿನ ಒರತೆಯ ಉದ್ಘಾಟನೆ. ನೂರು ವರ್ಷಕ್ಕೂ ಮಿಗಿಲಾಗಿ ಹರಿಯುತ್ತಿರುವ ನೀರನ್ನು ಉದ್ಘಾಟಿಸುವುದು ಹೇಗೆ ಎಂಬ ಚಿಂತೆ ಯಾರಿಗೂ ಬರಲಿಲ್ಲ, ರಿಬ್ಬನ್ ಕಟ್ಟಿದ್ದರು. ಬೇಲಿಗೆಂದು ತರಿಸಿದ್ದ ಕಬ್ಬಿಣದ ಕಂಬಗಳು ಮಾತ್ರ ಇನ್ನೂ ರಸ್ತೆ ಬದಿಯಲ್ಲೇ ಬಿದ್ದಿದ್ದವು. ವಾಪಸು ಕಳಿಸಿ ಎಂದು ದ್ಯೋನಾ ಎರಡು ಸಲ ಹೇಳಿದ್ದಳು. ಇರಲಿ ಮೇಡಂ, ಯಾವಾಗ ಬೇಕಾಗುತ್ತೋ ಯಾರಿಗೆ ಗೊತ್ತು ಎಂದು ಮೇಯರ್ ನಗುತ್ತ ಹೇಳಿದ್ದ. ಕೇರಿಯ ಹೆಂಗಸರಿಗೆಲ್ಲ ಪುರಸಭೆಯಿಂದ ಒಂದೇ ಬಣ್ಣದ ಹಳೇ ಕಾಲದ ರವಿಕೆ, ಲಂಗ. ಅವರು ಸಾಲಾಗಿ ಕೂತು ಆಗಲೇ ಒಗೆದ ಬಟ್ಟೆಯನ್ನು ಮತ್ತೆ ಒಗೆಯುತ್ತಿದ್ದರು. ಬೆಸಿಂಗ್ ಮಾತ್ರ ಆ ರವಿಕೆ ಹಾಕಿಕೊಂಡಿರಲಿಲ್ಲ. ಮೈಗೆ ಹಿಡಿಯುತ್ತೆ ಅಂದಳಂತೆ.

ಮೇಯರ್ ಹಗ್ಗ ಎಳೆದ. ಪರದೆ ಸರಿದು ಹೊಸ ಪ್ರತಿಮೆ ಕಾಣಿಸಿತು. ನಾಯಕರು ಅಂಗಿಯ ತೋಳು ಮಡಿಸಿ, ಕೈಯಲ್ಲಿ ಹಲಗೆ ಎತ್ತಿ ಹಿಡಿದು ಕೂತಿದ್ದರು. ಅವರೆದುರು ಒಬ್ಬಳು ಹೆಂಗಸು ಮೊಣಕಾಲೂರಿ, ಗಲ್ಲಕ್ಕೆ ಕೈ ಕೊಟ್ಟು, ಬಾಯಿ ಅರ್ಧ ತೆರೆದು ನೋಡುತ್ತಿದ್ದಳು.

"ನಾಯಕರ ಮೊದಲ ಶಿಷ್ಯೆ," ಎಂದು ಮೇಯರ್ ಮೈಕಿನಲ್ಲಿ ಸಾರಿದ. "ಇದೇ ಕೇರಿಯ ಬುಲಾಕ್. ಆಕೆಗೆ ನಾಯಕರು ತಾಳ್ಮೆಯಿಂದ ಬಟ್ಟೆ ಒಗೆಯೋದನ್ನ ಕಲಿಸಿದರು. ಆಕೆಯಿಂದ ಇಡೀ ಊರು ಕಲೀತು. ಆ ಹೆಸರನ್ನ ನಮಗೆ ಹುಡುಕಿಕೊಟ್ಟಿದ್ದು ದ್ಯೋನಾ ಮೇಡಂ, ಆಕೆಯ ಮರಿಮಗಳು. ಬೇಡ ಬೇಡ ಅಂದ್ರೂ ನಾವು ಹೆಸರು ಹಾಕಿಸಿದೀವಿ."

ಫಲಕದಲ್ಲಿ ನಿಜವಾಗಿಯೂ ಹೆಸರಿತ್ತು. ಕಂಚಿನ ಅಕ್ಷರ, ಕಾಗುಣಿತ ತಪ್ಪಿಲ್ಲ. ದ್ಯೋನಾ ಓದಿದಳು, ಇನ್ನೊಮ್ಮೆ ಓದಿದಳು. ಅವಳಿಗೆ ಆ ಪ್ರತಿಮೆಯ ಬಾಯಿ ಮುಚ್ಚಿಸಬೇಕು ಅನ್ನಿಸಿತು.

ಮೇಯರ್ ಮೈಕು ಅವಳ ಮುಂದೆ ಹಿಡಿದ. ಟೀವಿಯವರ ಕ್ಯಾಮೆರಾ ಅವಳ ಕಡೆ ತಿರುಗಿತು. ಕೆಳಗಿನ ತೊಟ್ಟಿಯಲ್ಲಿ ಬೆಸಿಂಗ್ ಹಲಗೆ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು.

"ಹೇಳಿ ಮೇಡಂ," ಎಂದ ಮೇಯರ್. ಅವನ ಕಣ್ಣು ಒಮ್ಮೆ ರಸ್ತೆ ಬದಿಯ ಕಂಬಗಳತ್ತ ಹೋಗಿ ಬಂತು. "ನಾಯಕರು ಬರೋಕೆ ಮುಂಚೆ ನಿಮ್ಮ ಮುತ್ತಜ್ಜಿ ಹೇಗಿದ್ರು?"

ದ್ಯೋನಾ ಮೈಕು ತೆಗೆದುಕೊಂಡಳು. ತೊಟ್ಟಿಯ ನೀರಿನ ಸದ್ದು ಮೈಕಿನಲ್ಲೂ ಕೇಳುತ್ತಿತ್ತು.

"ನಮ್ಮ ಲೋಲಾ ಬುಲಾಕ್‌ಗೆ," ಎಂದಳು, "ನಾಯಕರು ಬರೋವರೆಗೂ ಬಟ್ಟೆ ಒಗೆಯೋದು ಗೊತ್ತಿರ್ಲಿಲ್ಲ."

ಜನ ಚಪ್ಪಾಳೆ ತಟ್ಟಿದರು. ಬೆಸಿಂಗ್ ಬಿಂದಿಗೆ ತುಂಬಿಸಿ ಸೊಂಟಕ್ಕಿಟ್ಟುಕೊಂಡು, ದ್ಯೋನಾಳ ಮುಖ ನೋಡದೆ ಮನೆ ಕಡೆ ನಡೆದಳು.